ಅಂಗಡಿಯ ಗಣಕಕ್ಕೆ ಮೂಲ ದತ್ತಾಂಶವೇ ಆಧಾರ

ದೊಡ್ಡ ಮಳಿಗೆಯಲ್ಲಿ ನೀವು ಸೋಪು ಕೊಂಡಾಗ ಅದರ ಮೇಲಿನ ಕಪ್ಪು ಗೆರೆಗಳನ್ನು ಯಂತ್ರ ಓದುತ್ತದೆ. ಆ ಗೆರೆಗಳಲ್ಲಿ ಬೆಲೆ ಇರುವುದಿಲ್ಲ, ಸಂಕೇತ ಸಂಖ್ಯೆಯಷ್ಟೇ ಇರುತ್ತದೆ. ಹಾಗಾದರೆ ಬಿಲ್ಲಿಗೆ ಬೆಲೆ ಬಂದದ್ದು ಎಲ್ಲಿಂದ? ಪ್ರತಿ ವಸ್ತುವಿನ ಹೆಸರು, ಅಳತೆ, ತೂಕ, ಬೆಲೆ, ಪೂರೈಕೆದಾರರ ವಿವರ ಗಣಕದಲ್ಲಿ ಮೊದಲೇ ದಾಖಲಾಗಿರುತ್ತದೆ. ಇದೇ ‘ಮಾಸ್ಟರ್ ಡಾಟಾ’, ಅಂದರೆ ಮೂಲ ದತ್ತಾಂಶ. ಖರೀದಿ, ಉಗ್ರಾಣ, ಸಾಗಣೆ ಎಲ್ಲವೂ ಇದನ್ನೇ ನಂಬಿ ನಡೆಯುತ್ತವೆ.

ಇದರಲ್ಲಿ ತಪ್ಪು ನುಸುಳಿದರೆ ಏನಾಗುತ್ತದೆ? ಅಮೆರಿಕದ ಟಾರ್ಗೆಟ್ ಸಂಸ್ಥೆ 2013ರಲ್ಲಿ ಕೆನಡಾದಲ್ಲಿ ಮಳಿಗೆಗಳನ್ನು ತೆರೆಯಿತು. ಹೊಸ ತಂತ್ರಾಂಶಕ್ಕೆ ವಿವರಗಳನ್ನು ಅವಸರದಲ್ಲಿ ತುಂಬಲಾಯಿತು. ಸೆಂಟಿಮೀಟರ್ ಇರಬೇಕಾದ ಕಡೆ ಅಂಗುಲ, ಉದ್ದದ ಜಾಗದಲ್ಲಿ ಅಗಲ ಸೇರಿಕೊಂಡವು. ಯಾವ ಸರಕಿಗೆ ಎಷ್ಟು ಜಾಗ ಬೇಕೆಂಬ ಲೆಕ್ಕವೇ ಕೆಟ್ಟಿತು. ಉಗ್ರಾಣಗಳು ತುಂಬಿ ತುಳುಕಿದರೂ ಅಂಗಡಿಯ ಕಪಾಟುಗಳು ಬರಿದಾಗಿದ್ದವು. ಬೇರೆ ಕಾರಣಗಳೂ ಕೂಡಿ, 2015ರಲ್ಲಿ ಅಲ್ಲಿನ 133 ಮಳಿಗೆಗಳೂ ಮುಚ್ಚಿದವು. ಸುಮಾರು 17,600 ಮಂದಿ ಕೆಲಸ ಕಳೆದುಕೊಂಡರು.

ಇದಕ್ಕೆ ಉಪಾಯ ಸರಳ. ಒಂದು ವಸ್ತುವಿಗೆ ಒಂದೇ ದಾಖಲೆ ಇರಬೇಕು. ಅಳತೆಗೆ ಒಂದೇ ಮಾನ ಬಳಸಬೇಕು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ವಸ್ತುವಿನೊಡನೆ ತಾಳೆ ನೋಡಬೇಕು. ತಿದ್ದುವ ಅಧಿಕಾರ ಕೆಲವರಿಗಷ್ಟೇ ಇರಬೇಕು. ನೆನಪಿಡಿ, ಗಣಕ ಕೂಡಿ ಕಳೆಯುವುದರಲ್ಲಿ ನಿಪುಣ; ಆದರೆ ನಾವು ಕೊಟ್ಟ ತಪ್ಪು ಅಂಕಿಯನ್ನೂ ಅದು ನಿಜವೆಂದೇ ನಂಬುತ್ತದೆ.