ಮೊದಲು ಶಾಲೆ, ಆಮೇಲೆ ಮನೆ

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಪುಣೆಗೆ ವರ್ಗವಾದ ಕುಟುಂಬಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ. ಆಫೀಸು ಹಿಂಜವಡಿಯಲ್ಲೋ ಖರಾಡಿಯಲ್ಲೋ ಎಂದು ನೋಡುತ್ತಾರೆ, ಅದಕ್ಕೆ ಹತ್ತಿರ ಬಾಡಿಗೆ ಮನೆ ಹಿಡಿಯುತ್ತಾರೆ, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿ ಡಿಪಾಸಿಟ್ ಕಟ್ಟುತ್ತಾರೆ, ಅದೆಲ್ಲ ಮುಗಿದ ಮೇಲೆ ಮಗುವಿಗೆ ಶಾಲೆ ಹುಡುಕಲು ಶುರುಮಾಡುತ್ತಾರೆ. ಅಷ್ಟು ಹೊತ್ತಿಗೆ ಉಳಿದಿರುವ ಪ್ರಶ್ನೆ ಸಿಬಿಎಸ್‌ಇಯೋ ಐಸಿಎಸ್‌ಇಯೋ, ಶಾಲೆಯ ಬಸ್ಸು ಗೇಟಿನ ತನಕ ಬರುತ್ತದೋ ಇಲ್ಲವೋ ಎಂಬುದಷ್ಟೇ. ಮನೆಯ ಆಸುಪಾಸಿನ ಸರ್ಕಾರಿ ಶಾಲೆ ಆ ಲೆಕ್ಕಕ್ಕೇ ಬರುವುದಿಲ್ಲ. ಎಂಟು ವರ್ಷದೊಳಗಿನ ಮಗುವಿರುವ ಮನೆಗೆ ಈ ಕ್ರಮ ತಲೆಕೆಳಗಾದದ್ದು. ಮೊದಲು ಗೊತ್ತಾಗಬೇಕಾದದ್ದು ಶಾಲೆ, ಆಮೇಲೆ ಮನೆ. ತೂಗಿ ನೋಡಬೇಕಾದದ್ದು ಬಡಾವಣೆಗಳ ಹೆಸರನ್ನಲ್ಲ, ಒಂದೊಂದು ಶಾಲೆಯನ್ನು. ಆ ತೂಕದಲ್ಲಿ ಪಾಲಿಕೆಯ ಶಾಲೆಗೂ ಜಿಲ್ಲಾ ಪರಿಷತ್ತಿನ ಶಾಲೆಗೂ ಜಾಗ ಸಿಗಬೇಕು.

ಅಮೆರಿಕದಲ್ಲಿರುವ ನೆಂಟರಿಂದ ‘ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್ ನೋಡಿ ಮನೆ ತಗೊಂಡೆವು’ ಎಂಬ ಮಾತನ್ನು ಬಹಳಷ್ಟು ಕನ್ನಡ ಕುಟುಂಬಗಳು ಕೇಳಿವೆ. ಅಲ್ಲಿ ಸಾರ್ವಜನಿಕ ಶಾಲೆಯ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ, ಮನೆಯ ವಿಳಾಸವೇ ಮಗುವಿನ ಶಾಲೆಯನ್ನು ನಿರ್ಧರಿಸುತ್ತದೆ. ಹಾಗಾಗಿ ಪ್ರದೇಶಗಳನ್ನು ಹೋಲಿಸುವುದಕ್ಕೆ ಅಲ್ಲಿ ಒಂದು ಅರ್ಥವಿದೆ. ಪುಣೆಯಲ್ಲಿ ಆ ಅಳತೆಗೋಲು ನಡೆಯುವುದಿಲ್ಲ. ಹಿಂಜವಡಿ, ಮಾಣ, ಮಾರುಂಜಿ ಗ್ರಾಮ ಪಂಚಾಯತಿಗಳು. ಅಲ್ಲಿನ ಸರ್ಕಾರಿ ಶಾಲೆ ಜಿಲ್ಲಾ ಪರಿಷತ್ತಿನದು. ಪಕ್ಕದ ವಾಕಡ್‌ಗೆ ಬಂದರೆ ಶಾಲೆ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯದು. ಮುಳಾ ನದಿ ದಾಟಿ ಬಾಲೇವಾಡಿ, ಬಾಣೇರ್ ಸೇರಿದರೆ ಪುಣೆ ಮಹಾನಗರಪಾಲಿಕೆಯದು. ಕೆಲವೇ ಕಿಲೋಮೀಟರಿನಲ್ಲಿ ಮೂರು ಆಡಳಿತಗಳು, ಮೂರು ಬಜೆಟ್ಟುಗಳು. ಈ ಗಡಿಯೂ ನಿಂತಲ್ಲಿ ನಿಂತಿಲ್ಲ. 2017ರಲ್ಲಿ 11 ಹಳ್ಳಿಗಳು, 2021ರಲ್ಲಿ ವಾಘೋಲಿ ಸೇರಿ 23 ಹಳ್ಳಿಗಳು ಪುಣೆ ಪಾಲಿಕೆಗೆ ಬಂದವು. ಶಾಲೆಯ ಹೊಣೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವ ಇಂಥ ಕಾಲದಲ್ಲಿ ದುರಸ್ತಿ ಯಾರದು, ಶಿಕ್ಷಕರ ನೇಮಕ ಯಾರದು ಎಂದು ಮುಖ್ಯೋಪಾಧ್ಯಾಯರನ್ನು ನೇರವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕೇಂದ್ರ ಶಿಕ್ಷಣ ಸಚಿವಾಲಯ ಜಿಲ್ಲೆಗಳಿಗೆ ಶ್ರೇಣಿ ಕೊಡುತ್ತದೆ ನಿಜ. ಆದರೆ ಪುಣೆ ಜಿಲ್ಲೆಯೆಂದರೆ ವೆಲ್ಹೆಯ ಗುಡ್ಡಗಾಡೂ ಹೌದು, ಬಾರಾಮತಿಯ ಕಬ್ಬಿನ ಸೀಮೆಯೂ ಹೌದು, ಕೊಥ್ರೂಡದ ಪೇಟೆಯೂ ಹೌದು. ಇವೆಲ್ಲದರ ಸರಾಸರಿ ಇಟ್ಟುಕೊಂಡು ಮಗುವಿಗೆ ಶಾಲೆ ಆರಿಸಲಾಗದು.

ಒಂದೇ ಆಡಳಿತದೊಳಗೂ ಶಾಲೆ ಶಾಲೆಗೆ ಅಜಗಜಾಂತರವಿದೆ. ಖೇಡ್ ತಾಲ್ಲೂಕಿನ ಜಾಲಿಂದರನಗರದ ಜಿಲ್ಲಾ ಪರಿಷತ್ ಶಾಲೆ 2025ರಲ್ಲಿ ‘ವಿಶ್ವದ ಅತ್ಯುತ್ತಮ ಶಾಲೆ’ ಪ್ರಶಸ್ತಿಗಳ ಅಂತಿಮ ಪಟ್ಟಿಯಲ್ಲಿತ್ತು. ಪಿಂಪ್ರಿ-ಚಿಂಚವಡ ಪಾಲಿಕೆ ಆಕಾಂಕ್ಷಾ ಫೌಂಡೇಶನ್ ಜೊತೆಗೂಡಿ ನಡೆಸುವ ಬೋಪಖೇಲ್‌ನ ಇಂಗ್ಲಿಷ್ ಮಾಧ್ಯಮ ಶಾಲೆ 2022ರಲ್ಲೇ ಅದೇ ಪ್ರಶಸ್ತಿಯ ಮೊದಲ ಹತ್ತರೊಳಗೆ ಬಂದಿತ್ತು. ಶಿರೂರು ತಾಲ್ಲೂಕಿನ ವಾಬಳೇವಾಡಿಯ ಶಾಲೆಯ ಹೆಸರು ಮಹಾರಾಷ್ಟ್ರದ ಉದ್ದಗಲಕ್ಕೂ ಕೇಳಿಬಂದದ್ದು. ಈ ಮೂರೂ ನಡೆಯುವುದು ಸಾರ್ವಜನಿಕ ಹಣದಲ್ಲಿ. ಅದೇ ಹಣದಲ್ಲಿ ನಡೆಯುವ ಸೊರಗಿದ ಶಾಲೆಗಳೂ ಇದೇ ಜಿಲ್ಲೆಯಲ್ಲಿವೆ. ಇವುಗಳ ನಡುವಿನ ವ್ಯತ್ಯಾಸ ತಿಳಿಯಲು ಖರ್ಚಿಲ್ಲದ ದಾರಿಗಳಿವೆ. ದೇಶದ ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ಯುಡೈಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೋಣೆಗಳೆಷ್ಟು ಎಂಬುದು ತೆರೆಯ ಮೇಲೆ ಬರುತ್ತದೆ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಮಾತು. ಅಂಕಿ ಸರಿಯಿದ್ದರೂ ಒಂದೇ ಕೋಣೆಯಲ್ಲಿ ಎರಡು ತರಗತಿ ಕೂತಿರಬಹುದು. ಅದಕ್ಕೇ ಒಂದು ಬೆಳಿಗ್ಗೆ ಶಾಲೆಗೆ ಹೋಗಿ ನೋಡಬೇಕು. ಎರಡನೇ ತರಗತಿಯ ಮಗು ಪಾಠದ ಪುಸ್ತಕವನ್ನು ಬಾಯಿಪಾಠವಾಗಿ ಒಪ್ಪಿಸುತ್ತಿದೆಯೋ, ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದೆಯೋ ಗಮನಿಸಬೇಕು. ಕತೆಪುಸ್ತಕದ ಬೀರುವಿಗೆ ಬೀಗ ಜಡಿದಿದೆಯೋ, ಪುಸ್ತಕದ ಅಂಚುಗಳು ಮಕ್ಕಳ ಕೈ ತಾಗಿ ಸವೆದಿವೆಯೋ. ಶೌಚಾಲಯದ ನಲ್ಲಿ ತಿರುಗಿಸಿದರೆ ನೀರು ಬರುತ್ತದೋ. ಬಿಸಿಯೂಟದ ಹೊತ್ತಿಗೆ ಶಿಕ್ಷಕರು ಮಕ್ಕಳ ಜೊತೆ ಇರುತ್ತಾರೋ. ಬಣ್ಣದ ಕರಪತ್ರ ಹೇಳದ ಸಂಗತಿಗಳು ಇವು.

ಇಷ್ಟು ನೋಡಿದ ಮೇಲೆ ದೂರದ ಪ್ರಶ್ನೆ. ಮಹಾರಾಷ್ಟ್ರದ ನಿಯಮದ ಪ್ರಕಾರ ಕಿರಿಯ ತರಗತಿಗಳ ಮಗುವಿಗೆ ಶಾಲೆ 1 ಕಿಲೋಮೀಟರಿನೊಳಗೆ, ಹಿರಿಯ ಪ್ರಾಥಮಿಕಕ್ಕೆ 3 ಕಿಲೋಮೀಟರಿನೊಳಗೆ ಇರಬೇಕು. ಹಿಂಜವಡಿಯ ಸಂಜೆಯ ವಾಹನದಟ್ಟಣೆ ಕಂಡವರಿಗೆ ಈ ನಿಯಮದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಆರು ವರ್ಷದ ಮಗು ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕೂತರೆ ಕಳೆದುಕೊಳ್ಳುವುದು ಆಟವನ್ನು, ನಿದ್ದೆಯನ್ನು. ಇದರ ಜೊತೆಗೆ ನೆರೆಯ ಮಕ್ಕಳ ಗೆಳೆತನವೂ ಹೋಗುತ್ತದೆ. ಹೊಸ ಊರಿಗೆ ಬಂದ ಮಗುವಿಗೆ ಬೇಕಾದದ್ದು ಮುಖ್ಯವಾಗಿ ಆ ಗೆಳೆತನವೇ. ಶಾಲೆಯ ಗೆಳೆಯರೇ ಸಂಜೆ ಅಂಗಳದಲ್ಲೂ ಸಿಗುವಂತಿದ್ದರೆ ಮಗು ಬೇಗ ಒಗ್ಗುತ್ತದೆ. ಅಪ್ಪ ಅಮ್ಮನ ಆಫೀಸು ಸ್ವಲ್ಪ ದೂರವಾದರೂ ಪರವಾಗಿಲ್ಲ, ಮಗುವಿನ ಶಾಲೆ ನಡೆದು ಹೋಗುವಷ್ಟು ಹತ್ತಿರವಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಭಾಷೆಯ ವಿಷಯಕ್ಕೆ ಬಂದರೆ, ಕನ್ನಡ ಕುಟುಂಬಗಳ ಗೊಂದಲವೆಲ್ಲ ಇಲ್ಲೇ. ಮರಾಠಿ ತಪ್ಪಿಸಲೆಂದು ಇಂಗ್ಲಿಷ್ ಮಾಧ್ಯಮ ಹುಡುಕುವವರು ಬಹಳ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಯಾವ ಮಂಡಳಿಯ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಕರ್ನಾಟಕ 2015ರಲ್ಲಿ ಕನ್ನಡಕ್ಕಾಗಿ ತಂದ ಕಾಯ್ದೆಯಂಥದ್ದೇ ಇದೂ. ಅಂದಮೇಲೆ ಮರಾಠಿ ಹೇಗೂ ಬರುತ್ತದೆ. ಐದನೇ ವಯಸ್ಸಿಗೆ ಅಂಗಳದ ಆಟದಲ್ಲಿ ಬರುತ್ತದೋ, ಹತ್ತನೇ ವಯಸ್ಸಿಗೆ ಟ್ಯೂಶನ್ನಿನಲ್ಲಿ ಬರುತ್ತದೋ ಎಂಬುದಷ್ಟೇ ನಮ್ಮ ಆಯ್ಕೆ. ಮರಾಠಿಗೂ ಹಿಂದಿಗೂ ಲಿಪಿ ಒಂದೇ ಆದ್ದರಿಂದ ಒಂದರ ಅಕ್ಷರ ಕೈಗೆ ಬಂದರೆ ಇನ್ನೊಂದರ ಅರ್ಧ ಕೆಲಸ ಆದಂತೆ. ಕನ್ನಡದಲ್ಲೇ ಓದಿಸಬೇಕೆಂಬವರಿಗೂ ಪುಣೆಯಲ್ಲಿ ದಾರಿಯಿದೆ. ಪುಣೆ ಕನ್ನಡ ಸಂಘ ಡಾ. ಶಾಮರಾವ್ ಕಲ್ಮಾಡಿ ಅವರ ಹೆಸರಿನ ಕನ್ನಡ ಮಾಧ್ಯಮ ಶಾಲೆಯನ್ನು ನಡೆಸುತ್ತಿದೆ. ಪಾಲಿಕೆಯೂ ಮರಾಠಿ, ಉರ್ದು, ಇಂಗ್ಲಿಷ್‌ಗಳ ಜೊತೆ ಕನ್ನಡ ಮಾಧ್ಯಮವನ್ನು ನಡೆಸಿಕೊಂಡು ಬಂದಿದೆ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಕ್ಕಳು ಓದುವ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವುದೂ ಪುಣೆಯೇ: 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಎಂಟು ಭಾಷೆಗಳಲ್ಲಿ ಪುಸ್ತಕ ತರುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಮಗು ಮರಾಠಿ ಇಲ್ಲವೇ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೂ ಈ ಪುಸ್ತಕಗಳನ್ನು ತಂದು ಮನೆಯಲ್ಲಿ ಕನ್ನಡ ಓದಿಸಲು ಅಡ್ಡಿಯೇನಿಲ್ಲ. ಕನ್ನಡ ಮಾಧ್ಯಮ ಬೇಕೆಂದರೆ ಮಾತ್ರ ಮನೆಯನ್ನು ಆ ಶಾಲೆಯ ಹತ್ತಿರವೇ ಹಿಡಿಯಬೇಕು. ಖರಾಡಿಯಲ್ಲಿ ಮನೆ ಮಾಡಿಕೊಂಡು ಊರಿನ ಇನ್ನೊಂದು ತುದಿಯ ಶಾಲೆಗೆ ಪುಟ್ಟ ಮಗುವನ್ನು ಕಳಿಸಿದರೆ, ಭಾಷೆಯಲ್ಲಿ ಗಳಿಸಿದ್ದು ದಾರಿಯಲ್ಲಿ ಸೋರಿಹೋಗುತ್ತದೆ.

‘ಸರ್ಕಾರಿ ಶಾಲೆಯಲ್ಲಿ ಕಲಿಕೆಯೇ ಇಲ್ಲವಲ್ಲ’ ಎಂಬ ಆಕ್ಷೇಪ ಬರುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗ್ರಾಮೀಣ ಭಾರತದ ಅಸರ್ ಸಮೀಕ್ಷೆಯ ಪ್ರಕಾರ 2022ರಲ್ಲಿ ಸರ್ಕಾರಿ ಶಾಲೆಯ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 16.3 ಮಾತ್ರ; 2024ರಲ್ಲಿ ಅದು ಶೇ 23.4ಕ್ಕೆ ಏರಿದೆ. ಏರಿಕೆ ಸಮಾಧಾನ ತಂದರೂ ನಾಲ್ವರಲ್ಲಿ ಮೂವರು ಹಿಂದಿದ್ದಾರೆ ಎಂಬುದು ನೋವಿನ ಸಂಗತಿ. ಆದರೆ ಅದೇ ಸಮೀಕ್ಷೆಯಲ್ಲಿ ಖಾಸಗಿ ಶಾಲೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳೂ ಓದಲಾರದವರೇ. ಖಾಸಗಿಯ ಮೇಲುಗೈಯಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂಬ ಪ್ರಶ್ನೆ ಹಳೆಯದು. 1966ರಲ್ಲಿ ಅಮೆರಿಕದ ಜೇಮ್ಸ್ ಕೋಲ್ಮನ್ ನೀಡಿದ ವರದಿ, ಮಕ್ಕಳ ಅಂಕಗಳ ವ್ಯತ್ಯಾಸಕ್ಕೆ ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆಯೇ ದೊಡ್ಡ ಕಾರಣ ಎಂದಿತ್ತು. ನಮಗೆ ಹತ್ತಿರದ ಪುರಾವೆ ಆಂಧ್ರಪ್ರದೇಶದ ಹಳ್ಳಿಗಳದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅಲ್ಲಿ ಲಾಟರಿ ಎತ್ತಿ ಕೆಲವು ಸರ್ಕಾರಿ ಶಾಲೆಯ ಮಕ್ಕಳಿಗೆ ಖಾಸಗಿ ಶಾಲೆಗೆ ಹೋಗಲು ನೆರವು ಕೊಡಿಸಿದರು. ನಾಲ್ಕು ವರ್ಷದ ಬಳಿಕ ನೋಡಿದರೆ ತೆಲುಗಿನಲ್ಲೂ ಗಣಿತದಲ್ಲೂ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ; ಹಿಂದಿಯಲ್ಲಿ ಮಾತ್ರ ಖಾಸಗಿ ಮುಂದಿತ್ತು. ಖಾಸಗಿ ಶಾಲೆಗಳು ಇದನ್ನು ಕಡಿಮೆ ಖರ್ಚಿನಲ್ಲಿ ಸಾಧಿಸಿದವು ಎಂಬುದೂ ಅದೇ ಅಧ್ಯಯನದ ಮಾತು. ಓದುವ ವಾತಾವರಣವಿರುವ ಮನೆಯ ಮಗು ಒಬ್ಬ ಒಳ್ಳೆಯ ಶಿಕ್ಷಕಿಯಿರುವ ಪಾಲಿಕೆ ಶಾಲೆಯಲ್ಲಿ ಹಿಂದೆ ಬೀಳುತ್ತದೆ ಎನ್ನಲು ಆಧಾರವಿಲ್ಲ. ಸರ್ಕಾರಿ ಶಾಲೆ ಬೇಡವೇ ಬೇಡ ಎನ್ನುವವರಿಗೂ ನಡುವಿನ ದಾರಿಯೊಂದಿದೆ: ಅನುದಾನಿತ ಶಾಲೆಗಳು. 1880ರ ನ್ಯೂ ಇಂಗ್ಲಿಷ್ ಸ್ಕೂಲ್‌ನಿಂದ ಹಿಡಿದು ಪುಣೆಯಲ್ಲಿ ಸಂಸ್ಥೆಗಳು ಕಟ್ಟಿದ ಶಾಲೆಗಳ ಪರಂಪರೆ ದೊಡ್ಡದು; ಅನುದಾನವಿರುವ ಕಡೆ ಶಿಕ್ಷಕರ ಸಂಬಳ ಸರ್ಕಾರದ್ದೇ.

‘ಎರಡು ವರ್ಷದಲ್ಲಿ ಮತ್ತೆ ವರ್ಗವಾಗುತ್ತದೆ, ಅದಕ್ಕೇ ಸಿಬಿಎಸ್‌ಇ’ ಎನ್ನುವವರ ಮಾತು ಎಂಟನೇ ಒಂಬತ್ತನೇ ತರಗತಿಯ ಮಕ್ಕಳ ಮಟ್ಟಿಗೆ ಸರಿ. ಒಂದರಿಂದ ನಾಲ್ಕರವರೆಗೆ ಕಲಿಯಬೇಕಾದದ್ದು ಓದು, ಬರಹ, ಲೆಕ್ಕ. ಮಂಡಳಿಯ ಪರೀಕ್ಷೆ ಬರುವುದು ಹತ್ತನೆಯದರಲ್ಲಿ. ಕೇಂದ್ರ ನೌಕರರಿಗೆ, ಸೇನೆಯವರಿಗೆ ಗಣೇಶಖಿಂಡ, ಲೋಹಗಾಂವ್, ದೇಹು ರೋಡ್ ಮುಂತಾದ ಕಡೆ ಕೇಂದ್ರೀಯ ವಿದ್ಯಾಲಯಗಳಿವೆ. ಉಳಿದವರು ಮಂಡಳಿಗಿಂತ ವಯಸ್ಸಿನ ಲೆಕ್ಕಕ್ಕೆ ಹೆಚ್ಚು ಗಮನ ಕೊಡಬೇಕು. ಒಂದನೇ ತರಗತಿಗೆ ಮಹಾರಾಷ್ಟ್ರದಲ್ಲಿ ಆ ವರ್ಷದ ಡಿಸೆಂಬರ್ 31ಕ್ಕೆ 6 ತುಂಬಿದರೆ ಸಾಕು. ಕರ್ನಾಟಕದ ನಿಯಮ ಜೂನ್ 1ಕ್ಕೆ 6 ತುಂಬಿರಬೇಕು ಎಂಬುದು. 2025-26ರ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ಹೀಗಾಗಿ ನವೆಂಬರಿನಲ್ಲಿ ಹುಟ್ಟಿದ ಮಗು ಪುಣೆಯಲ್ಲಿ ಐದೂವರೆಗೇ ಒಂದನೇ ತರಗತಿಯಲ್ಲಿ ಕೂತು, ಮರಳಿ ಕರ್ನಾಟಕಕ್ಕೆ ಬಂದಾಗ ತನ್ನ ಓರಗೆಯವರಿಗಿಂತ ಒಂದು ವರ್ಷ ಮುಂದಿರಬಹುದು. ನಿಯಮ ಬಿಡುತ್ತದೆಂದು ಅವಸರ ಮಾಡುವುದರಲ್ಲಿ ಲಾಭವಿಲ್ಲ.

ವಿಳಾಸವೇ ಶಾಲೆಯನ್ನು ನಿರ್ಧರಿಸುವ ಒಂದು ಸಂದರ್ಭ ಪುಣೆಯಲ್ಲೂ ಇದೆ. ಅದು ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಮೀಸಲಿಡುವ ಶೇ 25 ಸೀಟುಗಳದು. ವರ್ಷಕ್ಕೆ 1 ಲಕ್ಷ ರೂಪಾಯಿಯೊಳಗಿನ ವರಮಾನದವರ ಮಕ್ಕಳಿಗೆ ಆನ್‌ಲೈನ್ ಲಾಟರಿಯಲ್ಲಿ, ಮನೆಯ ದೂರ ನೋಡಿ ಸೀಟು ಸಿಗುತ್ತದೆ. ಸರ್ಕಾರಿ ಶಾಲೆ 1 ಕಿಲೋಮೀಟರಿನೊಳಗಿದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದು ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಹೊರಡಿಸಿದ ಆದೇಶವನ್ನು ಬಾಂಬೆ ಹೈಕೋರ್ಟ್ ಅದೇ ವರ್ಷದ ಜುಲೈನಲ್ಲಿ ರದ್ದುಮಾಡಿತು. ಕರ್ನಾಟಕ ಇಂಥದ್ದೇ ತಿದ್ದುಪಡಿಯನ್ನು 2019-20ರಿಂದ ಜಾರಿಗೆ ತಂದದ್ದರಿಂದ ಅಲ್ಲಿ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಪುಣೆಯ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿಗೆ ಪುಣೆಯಲ್ಲಿ ಇದು ತೆರೆದಿದೆ ಎಂಬುದು ತಿಳಿದಿರಬೇಕು. ಇಂಥ ಮನೆಗಳ ಮಕ್ಕಳ ಜೊತೆ ಡೋರ್ ಸ್ಟೆಪ್ ಸ್ಕೂಲ್‌ನಂಥ ಸಂಸ್ಥೆ ದಶಕಗಳಿಂದ ಕೆಲಸ ಮಾಡುತ್ತಿದೆ. ಶಾಲೆ ಆರಿಸುವ ಬಿಡುವು ಈ ತಂದೆತಾಯಿಗಳಿಗಿಲ್ಲ. ಹತ್ತಿರದ ಪಾಲಿಕೆ ಶಾಲೆಯೇ ಇವರಿಗೆ ಗತಿ. ಹಿಂಜವಡಿಯ ಎಂಜಿನಿಯರ್ ಕೂಡ ಅದೇ ಶಾಲೆಯ ಬಾಗಿಲಿಗೆ ಹೋಗಿ ಕೇಳತೊಡಗಿದರೆ ಖಾಲಿ ಹುದ್ದೆ ತುಂಬುವುದೂ ನಲ್ಲಿಗೆ ನೀರು ಬರುವುದೂ ಬೇಗ ಆದೀತು.

ಪುಣೆಯ ಕನ್ನಡ ಸಂಘಟನೆಗಳಲ್ಲಿ ಒಂದು ವಿನಂತಿ. ಪ್ರತಿ ಜೂನ್‌ನಲ್ಲಿ ಶಾಲೆ ತೆರೆಯುವ ವಾರ ಇಬ್ಬರು ಮೂವರು ಮರಾಠಿ ಬಲ್ಲ ಕಾರ್ಯಕರ್ತರು ಕಟ್ಟಡ ಕೆಲಸಕ್ಕೆ ಬಂದ ಈ ಕುಟುಂಬಗಳ ಜೊತೆ ಶಾಲೆಯ ತನಕ ಹೋಗಲಿ. ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ ಎಂದು 14ನೇ ಕಲಂ ಹೇಳುತ್ತದೆ. ಟಿಸಿ ತನ್ನಿ ಎಂದು ಮಗುವನ್ನು ವಾಪಸ್ ಕಳಿಸುವ ಕಡೆ ಈ ಎರಡು ಕಲಮುಗಳ ಪ್ರತಿ ಕೈಯಲ್ಲಿರಲಿ.