ಕಲಘಟಗಿಯ ಹೊಳೆ, ಗಂಗಾವಳಿಯ ಅಳಿವೆ

ಕಲಘಟಗಿ ತಾಲೂಕಿನ ಬೇಡ್ತಿ ಹೊಳೆಯನ್ನು ಬಲ್ಲ ಅನೇಕರು ಅದು ಕಡಲು ಸೇರುವ ಜಾಗವನ್ನು ನೋಡಿರುವುದಿಲ್ಲ. ಧಾರವಾಡ ಸೀಮೆಯಲ್ಲಿ ಹುಟ್ಟಿ, ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದ ಮೇಲೆ ಇದೇ ಹೊಳೆ ಗಂಗಾವಳಿ ಎನಿಸಿಕೊಂಡು ಅಂಕೋಲಾ ತಾಲೂಕಿನ ಮಂಜಗುಣಿಯ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. (ಕುಂದಗೋಳ, ನವಲಗುಂದದ ಬೆಣ್ಣೆಹಳ್ಳದ ದಾರಿಯೇ ಬೇರೆ; ಅದು ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ.)

ಬೇಸಿಗೆ ರಜೆಯಲ್ಲಿ ಬಯಲುಸೀಮೆಯ ಯುವಕರ ತಂಡಗಳು ಗೋಕರ್ಣದ ಕಡೆ ಬರುತ್ತವೆ. ಕೆರೆಯಲ್ಲಿ ಈಜು ಕಲಿತವರಿಗೆ ಅಳಿವೆಯ ನೀರು ಸಪಾಟಾಗಿ ಕಾಣುತ್ತದೆ. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಸಾಗುವ ವಿಂಡ್‌ಸರ್ಫಿಂಗ್ ಆಟದವರಿಗೂ ಇಂಥ ಜಾಗವೇ ಇಷ್ಟ. ಹೊರಗಿನ ಮರಳು ದಿಬ್ಬ ಅಲೆಗಳನ್ನು ತಡೆಯುತ್ತದೆ. ಗಾಳಿಗೆ ಮಾತ್ರ ತಡೆಯಿಲ್ಲ. ಮಧ್ಯಾಹ್ನ ನೆಲ ಕಾದಾಗ ಕಡಲಿನಿಂದ ತಂಪು ಗಾಳಿ ಬೀಸತೊಡಗಿ, ಸಂಜೆಯಾಗುತ್ತಲೇ ಕುಗ್ಗುತ್ತದೆ.

ತೊಂದರೆ ಇರುವುದು ನೀರಿನ ಓಟದಲ್ಲಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಭರತ, ಎರಡು ಬಾರಿ ಇಳಿತ. ಇಳಿತದ ವೇಳೆ ಹೊಳೆಯ ನೀರು ಮತ್ತು ಭರತದಲ್ಲಿ ಒಳಗೆ ತುಂಬಿದ ನೀರು ಎರಡೂ ಇಕ್ಕಟ್ಟಾದ ಬಾಯಿಯಿಂದ ಒಟ್ಟಿಗೆ ಹೊರಗೆ ಹೋಗಬೇಕು. ಅದೇ ಹೊತ್ತಿಗೆ ಗಾಳಿ ಕಡಲಿನಿಂದ ಬೀಸುತ್ತಿದ್ದರೆ, ಎದುರುಬದುರಾದ ಅಲೆಗಳು ಕಡಿದಾಗಿ ಎದ್ದು ದಿಬ್ಬದ ಮೇಲೆ ಮುರಿಯುತ್ತವೆ. ಅಳಿವೆಗಳಲ್ಲಿ ದೋಣಿ ಮಗುಚುವುದು ಹೆಚ್ಚಾಗಿ ಹೀಗೆಯೇ. ಸಂಜೆ ಗಾಳಿ ನಿಂತರೆ ಹಾಯಿಯೂ ಕೆಲಸಕ್ಕೆ ಬಾರದು. ಹಲಗೆಯ ಮೇಲಿನವನನ್ನು ಇಳಿತ ನೇರ ಕಡಲಿಗೆ ಒಯ್ಯುತ್ತದೆ. ಈಜುವವನಿಗಾದರೆ ಗಾಳಿ ನಿಲ್ಲುವ ತನಕವೂ ಕಾಯಬೇಕಿಲ್ಲ. ಆಗ ಸೆಳೆತದ ವಿರುದ್ಧ ಕೈಸೋಲುವ ಬದಲು ಅಡ್ಡಕ್ಕೆ ದಡದ ಕಡೆ ಸಾಗುವುದೇ ಸರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತೇ ಬೇರೆ. ಆಗ ಗಾಳಿಗೆ ಕೊರತೆಯಿಲ್ಲ, ಆದರೆ ಘಟ್ಟದ ಮಳೆಯೆಲ್ಲ ಕೆಂಪು ನೀರಾಗಿ, ಮರದ ದಿಮ್ಮಿಗಳೊಡನೆ ಬರುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಗಂಗಾವಳಿಗೆ ಬಿದ್ದ ಲಾರಿಯನ್ನು ಮೇಲೆತ್ತಲು ಸಾಧ್ಯವಾದದ್ದು ಸೆಪ್ಟೆಂಬರ್ 25ಕ್ಕೆ. ಹೊಳೆಯ ರಭಸ ಮುಳುಗುಗಾರರನ್ನೇ ಮತ್ತೆ ಮತ್ತೆ ಹಿಂದಕ್ಕೆ ಕಳಿಸಿತ್ತು.

ಪ್ರತಿ ಮಳೆಗಾಲದ ನಂತರ ಮರಳು ದಿಬ್ಬ ಜಾಗ ಬದಲಿಸುತ್ತದೆ. ಹೋದ ವರ್ಷ ಮೊಣಕಾಲು ನೀರಿದ್ದಲ್ಲಿ ಈ ವರ್ಷ ಆಳ ಇರಬಹುದು. ಆದ್ದರಿಂದ ಪ್ರವಾಸ ಕರೆದೊಯ್ಯುವವರು ಮೊದಲು ಅಲ್ಲಿನ ಮೀನುಗಾರರನ್ನು ಕಂಡು ಎರಡು ವಿಷಯ ಕೇಳಲಿ: ಇವತ್ತು ಇಳಿತ ಎಷ್ಟು ಗಂಟೆಗೆ, ಮತ್ತು ದೋಣಿಗಳು ಈಗ ಯಾವ ಬದಿಯಿಂದ ಹೊರಡುತ್ತವೆ.