ಅಪ್ಪ ಫೀಲ್ಡ್‌ನಲ್ಲಿದ್ದಾಗ

ಗಡಿಯಲ್ಲಿ ಗುಂಡು ಹಾರಿದ ಸುದ್ದಿ ಬಂದೊಡನೆ ಕೆಲವು ಫೌಜಿ ಮನೆಗಳಲ್ಲಿ ಟಿ.ವಿ. ಆರುತ್ತದೆ, ಕೆಲವೆಡೆ ರಾತ್ರಿಯಿಡೀ ಅರಚುತ್ತದೆ. ಮಕ್ಕಳ ಕಣ್ಣು ಮಾತ್ರ ಅಮ್ಮನ ಮುಖದ ಮೇಲೇ ಇರುತ್ತದೆ.

ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಮನೋವಿಶ್ಲೇಷಕಿಯರಾದ ಅನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುನಿಲಯ ನಡೆಸಿದರು. ಬಾಂಬಿನ ನಡುವೆಯೂ ತಾಯಿಯ ಮಗ್ಗುಲಲ್ಲಿದ್ದ ಮಕ್ಕಳು ಹೆಚ್ಚು ನಲುಗಲಿಲ್ಲ, ಅವಳನ್ನು ಅಗಲಿದವರು ನಲುಗಿದರು ಎಂಬುದು ಅವರು ಕಂಡ ಸತ್ಯ. ತಾಯಿ ನಡುಗಿದರೆ ಮಗುವೂ ನಡುಗುತ್ತಿತ್ತು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಟ್ಟಲೆ ಗಮನಿಸಿದ ಮನೋವಿಜ್ಞಾನಿ ಎಮ್ಮಿ ವರ್ನರ್ ಕೂಡ ಇದರ ಹತ್ತಿರವೇ ಬಂದರು. ಕಡುಕಷ್ಟದಲ್ಲಿ ಬೆಳೆದವರಲ್ಲೂ ಸುಮಾರು ಮೂರರಲ್ಲೊಬ್ಬರು ಗಟ್ಟಿಯಾಗಿ ನಿಂತರು. ಅವರಿಗೆ ಅಜ್ಜಿಯೋ ಮೇಷ್ಟ್ರೋ, ನೆಚ್ಚಿಕೊಳ್ಳಲು ಹಿರಿಯರೊಬ್ಬರಿದ್ದರು.

ನಮ್ಮಲ್ಲಿ ಕಂಟೋನ್ಮೆಂಟಿನ ಕ್ವಾರ್ಟರ್ಸ್ ಸಿಕ್ಕ ಮಕ್ಕಳು ಅಷ್ಟರಮಟ್ಟಿಗೆ ಪುಣ್ಯವಂತರು. ಪಕ್ಕದ ಮನೆಯ ಅಪ್ಪನೂ ದೂರದಲ್ಲಿರುತ್ತಾರೆ, ಆರ್ಮಿ ಪಬ್ಲಿಕ್ ಸ್ಕೂಲಿನ ಟೀಚರಿಗೂ ಆ ಬದುಕು ಗೊತ್ತು. ಬೆಳಗಾವಿಯ, ಧಾರವಾಡದ, ಕೊಡಗಿನ ಹಳ್ಳಿಯಲ್ಲಿ ಅಜ್ಜ-ಅಜ್ಜಿಯ ಜತೆ ಬೆಳೆಯುವ ಯೋಧನ ಮಗ ತರಗತಿಯಲ್ಲಿ ಒಬ್ಬನೇ ಆಗಿರಬಹುದು. ವೀರನ ಮಗ ಅಳಬಾರದು ಎನ್ನುತ್ತದೆ ಊರು. ಈ ಹೊಗಳಿಕೆ ಎಳೆಯ ಹೆಗಲಿಗೆ ಭಾರವೆಂದೇ ನನ್ನ ನಂಬಿಕೆ. ಅಳು ತಡೆದರೂ ಒಳಗಿನ ಭಯ ಹೋಗುವುದಿಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತಿದ್ದ, ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಾಗ ನಾಡೇ ಹರಕೆ ಹೊತ್ತಿತ್ತು. 11ರಂದು ದಿಲ್ಲಿಯಲ್ಲಿ ಅವರು ತೀರಿಕೊಂಡರು. ಅಂದು ಎಷ್ಟು ಮನೆಗಳಲ್ಲಿ ಮಕ್ಕಳು, "ನಮ್ಮಪ್ಪನೂ ಅಲ್ಲೇ ಇದ್ದಾರಾ?" ಎಂದು ಕೇಳಿರಬೇಕು!

ಆ ಪ್ರಶ್ನೆಗೆ ಸುಳ್ಳು ಹೇಳಬೇಡಿ. ನಾಲ್ಕು ವರ್ಷದವಳಿಗೆ, "ಅಪ್ಪ ದೂರದಲ್ಲಿದ್ದಾರೆ, ಜತೆಗೆ ಗೆಳೆಯರಿದ್ದಾರೆ, ಫೋನ್ ಸಿಕ್ಕಾಗ ಮಾತಾಡ್ತಾರೆ" ಎಂದರೆ ಸಾಕು. ಹತ್ತು ವರ್ಷದವನು ಇನ್ನಷ್ಟು ಕೇಳುತ್ತಾನೆ, ಹೇಳಿ. "ನಾಳೆ ಬರ್ತಾರೆ" ಎಂಬ ಸಮಾಧಾನ ಬೇಡವೇ ಬೇಡ. ನಾಳೆ ಕಳೆದ ಮೇಲೆ ಮಗು ನಂಬುವುದು ಯಾರನ್ನು? ರಜೆಗೆ ಬಂದ ಅಪ್ಪನ ತೋಳಿಗೆ ಮಗು ಹೋಗದಿದ್ದರೂ ಬೈಯಬಾರದು. ಅಪರಿಚಿತ ಮೀಸೆ ಮತ್ತೆ ಪರಿಚಯವಾಗಲು ಸಮಯ ಬೇಕು.

ಅಮ್ಮನಿಗೇ ನಿದ್ದೆ ಹತ್ತದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸೇನಾ ಕುಟುಂಬಗಳಿಗೆಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಅದರ ಘಟಕವೊಂದಿದೆ. ಊರ ಶಾಲೆಗೆ ಇದಕ್ಕಿಂತ ಸಣ್ಣ ಕೆಲಸ: ಯಾವ ಮಗುವಿನ ಅಪ್ಪ ಗಡಿಯ ಮುಂಚೂಣಿಯಲ್ಲಿ, ಫೌಜಿಗಳ ಮಾತಿನಲ್ಲಿ ಹೇಳುವುದಾದರೆ ಫೀಲ್ಡ್‌ನಲ್ಲಿದ್ದಾರೆಂದು ಮೇಷ್ಟ್ರು ತಿಳಿದಿರಬೇಕು, ಗಡಿಯ ಸುದ್ದಿ ಬಂದ ದಿನ ಹೋಮ್‌ವರ್ಕ್ ಮಾಡದೆ ಬಂದ ಆ ಮಗುವನ್ನು ಎದ್ದು ನಿಲ್ಲಿಸಬಾರದು.